ಲಾಂದ್ರ ಹಿಡಿದವಳು

ಒಕಾಜಾಕಿ
೯ ಆಗಸ್ಟ್ ೨೦೨೦

ಚಿ. ಸೌ. ಜಾಹ್ನವಿಗೆ,

ಕ್ಷೇಮಸಮಾಚಾರ ಆಮೇಲೆ. ಮೊದಲು ಇದನ್ನು ಕೇಳು. ನನ್ನನ್ನು ಸಿನಿಮಾದಿಂದ ತೆಗೆದುಹಾಕಿದ್ದಾರೆ!

ನಮ್ಮ ಲಾಂದ್ರದ ವಿಡಿಯೊ ಆಟ ಸಿನಿಮಾ ಆಗುತ್ತಿದೆ ಎಂದು ಏಪ್ರಿಲ್‌ನಲ್ಲಿ ನೀನೇ ಹೇಳಿದ್ದೆಯಲ್ಲ, ಅದು ಇಲ್ಲಿಗೆ ಬಂದಿದೆ. ನಿನ್ನೆ ಸುಮಂತ್ ಕರೆದುಕೊಂಡು ಹೋಗಿದ್ದ. ಫೋನ್ ಮಾಡಿಯೇ ಹೇಳಬಹುದಿತ್ತು. ಆದರೆ ಫೋನ್ ಮಾಡಿದರೆ ನಿನ್ನ ಗಂಡ ವಿಜಯ ಸ್ಪೀಕರ್ ಹಾಕಿಕೊಂಡು ನಡುವೆ ಕೂರುತ್ತಾನೆ, ನೀನು "ಹೂಂ ಅತ್ತೆ, ಸರಿ ಅತ್ತೆ" ಎಂದು ಮುಗಿಸುತ್ತೀ. ಜೂನ್‌ನಲ್ಲಿ ನಾನು ನಿಮ್ಮ ಮನೆ ಬಿಟ್ಟು ಚಿಕ್ಕ ಮಗ ಸುಮಂತ್‌ನ ಮನೆಗೆ ಬಂದಾಗಿನಿಂದ ನಮ್ಮಿಬ್ಬರ ಮಾತು ಅಷ್ಟರಲ್ಲೇ ಇದೆ. ಕಾಗದವಾದರೆ ನೀನು ಅರ್ಧದಲ್ಲಿ ಎದ್ದು ಹೋಗುವ ಹಾಗಿಲ್ಲ.

ಆಟದಲ್ಲಿ ಇಬ್ಬರು ತಾನೆ? ಉಪ್ಪಿನ ಮೂಟೆ ಹೊತ್ತು ಬೆಟ್ಟ ದಾಟುವ ಹಿನಾ ಒಬ್ಬಳು. ಅವಳ ಹಿಂದೆ ಲಾಂದ್ರ ಹಿಡಿದು ಬರುವವರು ಇನ್ನೊಬ್ಬರು. ಅವರಿಗೆ ಹೆಸರಿಲ್ಲ, ಮುಖವಿಲ್ಲ, ಆದರೆ ಅವರಿಲ್ಲದೆ ಹಿನಾ ಒಂದು ಹೆಜ್ಜೆ ಇಡಲಾರಳು. ಲಾಕ್‌ಡೌನ್ ಉದ್ದಕ್ಕೂ ನೀನು ಹಿನಾಳನ್ನು ನಡೆಸಿದೆ, ನಾನು ಬಟನ್ ಒತ್ತಿಕೊಂಡು ಲಾಂದ್ರ ಹಿಡಿದೆ. ಪಕ್ಕದ ಕೋಣೆಯಲ್ಲಿ ವಿಜಯನ ಮೀಟಿಂಗ್, ಗಟ್ಟಿಯಾಗಿ ಮಾತಾಡುವ ಹಾಗಿಲ್ಲ. ಎಡಗಡೆ ಕಮರಿ ಕಂಡರೆ ನಿನ್ನ ತೊಡೆಗೆ ಒಂದು ತಟ್ಟು ತಟ್ಟುತ್ತಿದ್ದೆ, ಬಲಗಡೆಯಾದರೆ ಎರಡು. ಅರವತ್ತಾರು ವರ್ಷಕ್ಕೆ ನನಗೂ ಒಂದು ವಿದ್ಯೆ ಬಂತು ಎಂದು ಎಷ್ಟು ಜಂಬವಿತ್ತು ನನಗೆ! ಸಿನಿಮಾದಲ್ಲಿ ಹಿನಾ ಒಬ್ಬಳೇ. ಲಾಂದ್ರದವಳು ನಾಪತ್ತೆ. ಊಟಕ್ಕೆ ಕರೆದು ಎಲೆಯೇ ಹಾಕದ ಹಾಗಾಯಿತು.

ಇನ್ನೊಂದು ತಪ್ಪು. ಕೊನೆಯ ಕಣಿವೆಯಲ್ಲಿ ಪರದೆ ಪೂರ್ತಿ ಕತ್ತಲು. ಎಷ್ಟೋ ಹೊತ್ತು ಬರೀ ಅವಳ ಉಸಿರಿನ ಸದ್ದು. ಆಮೇಲೆ ಅವಳ ಮುಖ ಮಸುಕಾಗಿ ಕಾಣುತ್ತದೆ. ಅವಳು ನಮ್ಮ ಕಡೆ ತಿರುಗಿ, ಬೆಳಕು ಕಣ್ಣಿಗೆ ಚುಚ್ಚಿದ ಹಾಗೆ ಕಣ್ಣು ಕಿರಿದು ಮಾಡುತ್ತಾಳೆ. ಬೆಳಕು ಎಲ್ಲಿದೆ? ಎದುರುಗಡೆ ನಾವು, ಮಾಸ್ಕ್ ಹಾಕಿಕೊಂಡು ಕತ್ತಲಲ್ಲಿ ಕೂತವರು. ಇಷ್ಟು ದೊಡ್ಡ ಕಂಪನಿಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇ?

ಆದರೆ ಬೆಟ್ಟಗಳು ಕಣೇ! ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ಭೂಗೋಳ ಪಾಠ ಮಾಡಿ, ಜಪಾನು ಪರ್ವತಗಳ ದೇಶ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ನಾನು. ಫೆಬ್ರವರಿಯಲ್ಲಿ ಈ ದೇಶಕ್ಕೆ ಬಂದ ಮೇಲೆ ನೋಡಿದ್ದು ನಿಮ್ಮ ಬಾಲ್ಕನಿ, ಮೂಲೆಯ ಕೊಂಬಿನಿ ಅಂಗಡಿ, ವೀಸಾ ಆಫೀಸು. ನಿನ್ನೆ ಮೋಡದ ಸಂದಿಯಿಂದ ಬೆಟ್ಟದ ಸಾಲು ಮೇಲೇಳುತ್ತಿದ್ದರೆ ನಾನು ಬಾಯಿ ತೆರೆದುಕೊಂಡು ಕೂತಿದ್ದೆ. ಮಾಸ್ಕ್ ಇದ್ದದ್ದು ಒಳ್ಳೆಯದಾಯಿತು. ಹಿನಾ ಕಮರಿಯ ಅಂಚಿಗೆ ಬಂದಾಗ ನನಗೇ ಗೊತ್ತಿಲ್ಲದೆ ಕೈ ಚಾಚಿ ತಟ್ಟಿಬಿಟ್ಟೆ. ಒಂದು ಬಿಟ್ಟು ಒಂದು ಕುರ್ಚಿಯಲ್ಲಿ ಕೂರಿಸುತ್ತಾರಲ್ಲ, ನನಗೂ ಸುಮಂತ್‌ಗೂ ನಡುವೆ ಖಾಲಿ ಕುರ್ಚಿ. ತಟ್ಟಿದ್ದು ಅದನ್ನೇ.

ಊರಿಗೆ ಹೋಗುವ ಅಕ್ಟೋಬರ್ ಹದಿನೆಂಟರ ವಿಶೇಷ ವಿಮಾನಕ್ಕೆ ವಿಜಯ ನನ್ನ ಹೆಸರು ಕೊಡುತ್ತಾನಂತೆ. ನಿನ್ನ ಹೆರಿಗೆ ಡಿಸೆಂಬರ್‌ಗೆ. ನಾನು ಇರಬೇಕೋ ಹೋಗಬೇಕೋ ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ನಿನ್ನ ಕಾಲು ಊದಿಕೊಂಡಿದೆ ಎಂದು ಸುಮಂತ್ ಹೇಳಿದ. ದಿಂಬಿನ ಮೇಲೆ ಇಟ್ಟುಕೊಂಡು ಮಲಗು.

ಇಂತಿ ಆಶೀರ್ವಾದಗಳು,
ಸಾವಿತ್ರಿ


ಉರಯಾಸು
೧೭ ಆಗಸ್ಟ್ ೨೦೨೦

ಅತ್ತೆಗೆ ನಮಸ್ಕಾರ.

ನಿಮ್ಮ ಕಾಗದ ಬಂತು. ನಾನು ಕನ್ನಡದಲ್ಲಿ ಪೆನ್ನು ಹಿಡಿದು ಎಷ್ಟು ವರ್ಷವಾಯಿತೋ, ಒತ್ತಕ್ಷರ ತಪ್ಪಿದ್ದರೆ ಟೀಚರಮ್ಮ ಕ್ಷಮಿಸಬೇಕು.

ನಾನಿನ್ನೂ ಸಿನಿಮಾ ನೋಡಿಲ್ಲ. ಆದರೂ ಒಂದು ಮಾತು. ಆಟವನ್ನು ಇದ್ದ ಹಾಗೇ ಸಿನಿಮಾ ಮಾಡುವುದಕ್ಕೆ ಆಗುವುದಿಲ್ಲ. ಆಟದಲ್ಲಿ ಬಿದ್ದರೆ ಮತ್ತೆ ಎದ್ದು ಅದೇ ದಾರಿ ನಡೆಯಬಹುದು, ಸಿನಿಮಾದಲ್ಲಿ ಒಂದೇ ಸಲ. ಆಟದಲ್ಲಿ ನಡೆಯುವವರು ನಾವು, ಸಿನಿಮಾದಲ್ಲಿ ಯಾರೋ ನಡೆಯುವುದನ್ನು ಕೂತು ನೋಡುವವರು. ಇಬ್ಬರನ್ನು ಒಬ್ಬಳನ್ನಾಗಿ ಮಾಡಿದ್ದರೆ ಏನೋ ಕಾರಣ ಇದ್ದೇ ಇರುತ್ತದೆ. ನಿರ್ದೇಶಕರಿಗೆ ಲಾಂದ್ರ ಹಿಡಿಯುವವರ ಅನುಭವ ಇದ್ದಿರಬೇಕು. ನಡುದಾರಿಯಲ್ಲಿ ಕೈಬಿಡುತ್ತಾರೆ ಎಂದು ಮೊದಲೇ ತೆಗೆದಿರಬೇಕು.

ಈ ಸಾಲು ಬರೆದು ಕಾಗದ ಹರಿಯಬೇಕೆಂದುಕೊಂಡೆ. ಹರಿಯಲಿಲ್ಲ. ಹೇಗೂ ನಮ್ಮಿಬ್ಬರಿಗೂ ಗೊತ್ತಿರುವ ವಿಷಯ. ಕೊನೆಯ ಕಣಿವೆಯಲ್ಲಿ ನೀವು ಬಟನ್ ಬಿಟ್ಟು ಅಡುಗೆಮನೆಗೆ ಓಡಿದಿರಿ, ಹಿನಾ ಉಪ್ಪಿನ ಮೂಟೆ ಸಮೇತ ಕಮರಿಗೆ ಬಿದ್ದಳು. "ನಿಮ್ಮನ್ನ ನಂಬ್ಕೊಂಡು ಯಾರೂ ನಡೆಯೋ ಹಾಗಿಲ್ಲ" ಅಂತ ನಾನು ಅಂದೆ. ಅಂದದ್ದು ಹೌದು. ಆದರೆ ಅಷ್ಟಕ್ಕೇ ನೀವು ಸೂಟ್‌ಕೇಸ್ ಎಳೆದುಕೊಂಡು ಶಿಂಕಾನ್‌ಸೆನ್ ರೈಲು ಹತ್ತಿದಿರಿ. ಸ್ಟೇಷನ್ನಿನಲ್ಲಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ವಿಮಾನದ ವಿಷಯ, ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ. ಅಮ್ಮ ಬೆಂಗಳೂರಿನಿಂದ ಬರುವ ಹಾಗಿಲ್ಲ, ಈ ದೇಶದ ಬಾಗಿಲು ಯಾವಾಗ ತೆಗೆಯುತ್ತದೋ ಯಾರಿಗೂ ಗೊತ್ತಿಲ್ಲ. ಹೆರಿಗೆಯ ಹೊತ್ತಿಗೆ ಗಂಡನನ್ನೂ ಆಸ್ಪತ್ರೆಯೊಳಗೆ ಬಿಡುವುದಿಲ್ಲವಂತೆ. ನಾವು ನಿಭಾಯಿಸುತ್ತೇವೆ.

ಕಾಲಿನ ಕೆಳಗೆ ದಿಂಬು ಇಟ್ಟುಕೊಳ್ಳುತ್ತಿದ್ದೇನೆ.

ಜಾಹ್ನವಿ


ಒಕಾಜಾಕಿ
೩೦ ಆಗಸ್ಟ್ ೨೦೨೦

ಜಾಹ್ನವಿ,

ನಿನ್ನ ಕಾಗದವನ್ನು ಸುಮಂತ್‌ಗೆ ತೋರಿಸಲಿಲ್ಲ. "ಅತ್ತಿಗೆ ಏನ್ ಬರ್ದಿದಾರಮ್ಮ?" ಎಂದು ಕೇಳಿದ. ಸಿನಿಮಾ ವಿಮರ್ಶೆ ಎಂದೆ.

ಅಡುಗೆಮನೆಗೆ ಓಡಿದೆ, ಹೌದು. ಹಾಲು ಉಕ್ಕುತ್ತಿತ್ತು. ಆ ಹಾಲು ಯಾರಿಗೆ ಇಟ್ಟಿದ್ದು? ನನಗೆ ಹಾಲು ಸೇರುವುದಿಲ್ಲ. ನಿನ್ನ ಗಂಡ ಕಪ್ಪು ಕಾಫಿ ಕುಡಿಯುವವನು. ಮಿಕ್ಕವರು ಯಾರು? ಬಸುರಿಗೆ ಕೇಸರಿ ಹಾಕಿದ ಹಾಲು ಎಂದು ಒಲೆಯ ಮೇಲಿಟ್ಟು ಬಂದು ನಿನ್ನ ಲಾಂದ್ರ ಹಿಡಿದಿದ್ದೆ. ಎರಡು ಕಡೆ ಹಿಡಿಯಲು ಹೋದವಳ ಗತಿ ಅದು. ನಂಬಬಾರದವಳು ಎನಿಸಿಕೊಂಡ ಮೇಲೆ ಆ ಮನೆಯಲ್ಲಿ ಕೂತು ಬಾಣಂತನ ಮಾಡುವುದು ಹೇಗೆ? ನೀನೇ ಹೇಳು.

ಇರಲಿ. ಮೊನ್ನೆ ಆ ಸಿನಿಮಾಕ್ಕೆ ಮತ್ತೆ ಹೋಗಿದ್ದೆ. ಒಬ್ಬಳೇ, ಬಸ್ಸಿನಲ್ಲಿ! ಚೀಟಿಯಲ್ಲಿ ಸುಮಂತ್ ಬರೆದುಕೊಟ್ಟದ್ದನ್ನು ಡ್ರೈವರಿಗೆ ತೋರಿಸಿ, ಕ್ಷಮಿಸಿ ಎನ್ನಲು "ಸುಮಿಮಾಸೆನ್" ಎಂದೆ. ಅವನು ಎದ್ದು ನಿಂತು ಬಗ್ಗಿದ. ನಾನೂ ಬಗ್ಗಿದೆ. ಹಿಂದಿನವರು ಪಾಪ ಕಾದರು.

ಬೈಯುವುದಕ್ಕೆಂದೇ ಹೋದವಳು ಬಾಯಿ ಕಟ್ಟಿ ಬಂದೆ. ಹಿನಾ ಮಳೆಯಲ್ಲಿ ನೆನೆದಾಗ ಮೂಟೆಯೊಳಗೆ ಉಪ್ಪು ಕರಗುವ ಸದ್ದು ಕೇಳಿಸುತ್ತದೆ, ಗೊತ್ತೇ? ಆಟದಲ್ಲಿ ಉಪ್ಪು ಬರೀ ಮೇಲೆ ಒಂದು ಮೂಲೆಯಲ್ಲಿ ಅಂಕಿಯಾಗಿತ್ತು. ಇಲ್ಲಿ ಅವಳ ಬೆನ್ನ ಮೇಲೆ ಹನಿಹನಿಯಾಗಿ ಇಳಿಯುತ್ತದೆ, ಅವಳು ನಾಲಗೆ ಚಾಚಿ ತುಟಿಯ ಮೇಲಿನದನ್ನು ನೆಕ್ಕುತ್ತಾಳೆ. ನನ್ನ ಬಾಯಿಯೂ ಉಪ್ಪಾಯಿತು. ಆಟದಲ್ಲಿ ಮೂಗಿಯಾಗಿದ್ದ ಹುಡುಗಿಯನ್ನು ಸಿನಿಮಾದಲ್ಲಿ ಬಾಯಿಬಡುಕಿ ಮಾಡಿದ್ದಾರೆ, ಅದು ತಪ್ಪೇ. ನನಗೆ ಜಪಾನೀ ಬಾರದ್ದರಿಂದ ಬಚಾವಾದೆ, ಹಕ್ಕಿ ಕೂಗಿದ ಹಾಗೆ ಕೇಳಿಕೊಂಡು ಕೂತೆ.

ಮುಗಿದ ಮೇಲೆ ಹೆಸರುಗಳು ಬರತೊಡಗಿದವು. ನಮ್ಮೂರಲ್ಲಾದರೆ ಅಷ್ಟು ಹೊತ್ತಿಗೆ ಅರ್ಧ ಜನ ಸ್ಕೂಟರ್ ಸ್ಟ್ಯಾಂಡಿನಲ್ಲಿರುತ್ತಾರೆ. ಇಲ್ಲಿ ಒಬ್ಬರೂ ಏಳಲಿಲ್ಲ. ಬಣ್ಣ ಬಳಿದವರು, ಊಟ ತಂದವರು, ಎಲ್ಲರ ಹೆಸರೂ ಮುಗಿದು ದೀಪ ಹತ್ತುವವರೆಗೆ ಸುಮ್ಮನೆ ಕೂತಿದ್ದರು. ದೇವಸ್ಥಾನದಲ್ಲೂ ನಾನು ಅಂಥ ಮೌನ ನೋಡಿಲ್ಲ.

ಟಿಕೆಟ್ ಆಯಿತೆಂದು ವಿಜಯ ಮೆಸೇಜ್ ಮಾಡಿದ್ದಾನೆ. ಹದಿನೆಂಟಕ್ಕೇ.

ಸಾವಿತ್ರಿ


ಉರಯಾಸು
೧೮ ಸೆಪ್ಟೆಂಬರ್ ೨೦೨೦

ಅತ್ತೆಗೆ,

ನಿಮ್ಮ ಕಾಗದ ಬಂದು ಎರಡು ವಾರದ ಮೇಲಾಯಿತು. ಹಾಲಿನ ವಿಷಯವನ್ನು ಮತ್ತೆ ಮತ್ತೆ ಓದಿದೆ. ನಿನ್ನೆ ಸಿನಿಮಾ ನೋಡಿದೆ, ಅದನ್ನಾದರೂ ಬರೆಯುತ್ತೇನೆ.

ಮಧ್ಯಾಹ್ನದ ಆಟ. ಇಡೀ ಥಿಯೇಟರಿನಲ್ಲಿ ಐದಾರು ಜನ. ಬೈಯಬೇಡಿ, ಡಾಕ್ಟರನ್ನು ಕೇಳಿಯೇ ಹೋದೆ, ಡಬಲ್ ಮಾಸ್ಕ್ ಹಾಕಿದ್ದೆ.

ನೀವು ಹೇಳದ ಒಂದು ಕೊರತೆ ಇದೆ. ದಣಿವು. ನಾವಿಬ್ಬರೂ ಆ ಬೆಟ್ಟ ಹತ್ತುವುದಕ್ಕೆ ಮಳೆಗಾಲ ಶುರುವಾಗುವವರೆಗೆ ಒದ್ದಾಡಿದ್ದೆವು. ನನ್ನ ಹೆಬ್ಬೆರಳು ನೋಯುತ್ತಿತ್ತು, ನೀವು ಎಣ್ಣೆ ತಿಕ್ಕಿದ್ದಿರಿ. ಸಿನಿಮಾದಲ್ಲಿ ಒಂದು ಹಾಡು ಮುಗಿಯುವಷ್ಟರಲ್ಲಿ ಅವಳು ಮೂರು ಬೆಟ್ಟ ದಾಟಿರುತ್ತಾಳೆ. ಕಷ್ಟ ನೋಡಿದ ಹಾಗಾಗುತ್ತದೆ, ಪಟ್ಟ ಹಾಗಾಗುವುದಿಲ್ಲ.

ಹೀಗೆಲ್ಲ ತಪ್ಪು ಹುಡುಕುತ್ತ ಕೂತಿದ್ದೆ. ಆಗ ಆ ಕತ್ತಲೆ ಬಂತು.

ಅತ್ತೆ, ಹಿನಾ ಬಿದ್ದ ಆ ಒಂದು ಗಳಿಗೆ ಬಿಟ್ಟರೆ ಆಟದಲ್ಲಿ ನಾವು ಆ ಕತ್ತಲೆಯನ್ನು ನೋಡಿಯೇ ಇರಲಿಲ್ಲ, ನಿಮ್ಮ ಕೈಯಲ್ಲಿ ಲಾಂದ್ರ ಇರುತ್ತಿತ್ತಲ್ಲ. ಅವಳ ಉಸಿರು ನನ್ನ ಕಿವಿಯ ಹತ್ತಿರ ಕೇಳಿಸಿತು. ಎಡಗಡೆ ಕಮರಿಯೋ ಬಲಗಡೆಯೋ ಗೊತ್ತಾಗುತ್ತಿಲ್ಲ. ಮಗು ಒದೆಯಿತು, ಇಷ್ಟು ಜೋರಾಗಿ ಎಂದೂ ಒದ್ದಿರಲಿಲ್ಲ. ನಾನು ಪಕ್ಕದ ಕುರ್ಚಿಯ ಕಡೆಗೆ ಕೈ ಚಾಚಿದೆ. ಯಾರೂ ಕೂರಬಾರದೆಂದು ಅದಕ್ಕೆ ಟೇಪ್ ಅಂಟಿಸಿದ್ದರು. ಸಿನಿಮಾ ಒಂದು ಹೀಗೂ ಹೆದರಿಸಬಹುದು ಎಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಅವಳು ಕಣ್ಣು ಕಿರಿದು ಮಾಡಿದಳು. ನೀವು ಹೇಳಿದ್ದು ಸರಿ, ಬೆಳಕು ಎಲ್ಲಿಂದ ಬಂತೋ ನನಗೂ ತಿಳಿಯಲಿಲ್ಲ.

ಒಂದು ವಿಷಯ ನಿಮಗೆ ಹೇಳಿರಲಿಲ್ಲ. ಅವತ್ತು, ಹಾಲು ಉಕ್ಕಿದ ದಿನ, ಬೆಳಿಗ್ಗೆ ಅಮ್ಮ ಫೋನ್ ಮಾಡಿ "ವೀಸಾ ಕೊಡೋದು ನಿಲ್ಸಿದಾರಂತೆ ಕಣೇ, ನಾನು ಬರೋಕಾಗಲ್ಲ" ಎಂದು ಅತ್ತಿದ್ದರು. ನಾನು ಇಡೀ ದಿನ ಅದನ್ನು ಯಾರಿಗೂ ಹೇಳಲಿಲ್ಲ. ಬಿದ್ದವಳು ಹಿನಾ. ಕೂಗಿದ್ದು ನಾನು.

ನಿಮ್ಮ ಶಾಲು, ಕುಕ್ಕರ್ ಗ್ಯಾಸ್ಕೆಟ್, ಓದುವ ಕನ್ನಡಕ ಇಲ್ಲೇ ಉಳಿದಿವೆ. ಹದಿನೆಂಟರೊಳಗೆ ಪಾರ್ಸೆಲ್ ಮಾಡುತ್ತೇನೆ.

ಜಾಹ್ನವಿ


ಒಕಾಜಾಕಿ
೪ ಅಕ್ಟೋಬರ್ ೨೦೨೦

ನನ್ನ ಜಾಹ್ನವಿಗೆ,

ಪಾರ್ಸೆಲ್ ಮಾಡಬೇಡ. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ. ಮೊದಲು ನಿನ್ನೆ ನಡೆದದ್ದನ್ನು ಹೇಳದಿದ್ದರೆ ನನ್ನ ಹೊಟ್ಟೆ ಒಡೆಯುತ್ತದೆ.

ಆ ಸಿನಿಮಾಕ್ಕೆ ನಿನ್ನೆ ವಿಶೇಷ ಪ್ರದರ್ಶನ ಇತ್ತು. "ಅಭಿಮಾನಿಗಳ ಶೋ ಅಮ್ಮ. ಕೂಗೋ ಹಾಗಿಲ್ಲ, ಕೊರೊನಾ ಅಲ್ವಾ. ಬೆಳಕು ತಗೊಂಡ್ ಬನ್ನಿ ಅಂತ ಹಾಕಿದಾರೆ" ಎಂದು ಸುಮಂತ್ ಓದಿ ಹೇಳಿದ. ಅಭಿಮಾನಿಗಳ ಶೋ ಎಂದರೆ ನನಗೆ ಹೇಳಿಕೊಡಬೇಕೇ? ಮದುವೆಗೆ ಮುಂಚೆ ಮೆಜೆಸ್ಟಿಕ್ಕಿನಲ್ಲಿ ಬಿಡುಗಡೆಯ ದಿನದ ಮೊದಲ ಆಟ ತಪ್ಪಿಸಿದವಳಲ್ಲ. ಕಟೌಟಿಗೆ ಹಾರ, ಪರದೆಗೆ ಆರತಿ, ಎಲ್ಲ ನೋಡಿದವಳು. ಆಹಾ, ನಮ್ಮ ಪದ್ಧತಿ ಇಲ್ಲಿಯೂ ಇದೆ ಎಂದುಕೊಂಡು ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು, ಸ್ಟೀಲಿನ ತಟ್ಟೆ, ಕರ್ಪೂರದ ಡಬ್ಬಿ, ಬೆಂಕಿಪೊಟ್ಟಣ ಚೀಲಕ್ಕೆ ಹಾಕಿಕೊಂಡೆ. ಸುಮಂತ್ ಲ್ಯಾಬಿನಿಂದ ನೇರ ಬಂದ, ಚೀಲ ನೋಡಲಿಲ್ಲ.

ಬಾಗಿಲಲ್ಲಿ ಜ್ವರ ನೋಡುವ ಹುಡುಗಿಗೆ ನಾನೇ ಹೆಮ್ಮೆಯಿಂದ ತಟ್ಟೆ ತೆಗೆದು ತೋರಿಸಿದೆ. ಅವಳು ಕರ್ಪೂರ ನೋಡಿದಳು, ಬೆಂಕಿಪೊಟ್ಟಣ ನೋಡಿದಳು, ಮುಖ ಬಿಳಿಚಿಕೊಂಡಿತು. ಇನ್ನೊಬ್ಬ ಓಡಿ ಬಂದ. ಸುಮಂತ್ "ಅಯ್ಯೋ ಅಮ್ಮಾ!" ಎಂದು ತಲೆ ಚಚ್ಚಿಕೊಂಡು, ಎಲ್ಲರಿಗೂ ಬಗ್ಗಿ ಬಗ್ಗಿ, ಇದು ನಮ್ಮೂರಿನ ಪೂಜೆ, ಸಿನಿಮಾಕ್ಕೂ ಮಾಡುತ್ತೇವೆ ಎಂದು ಏನೇನೋ ವಿವರಿಸಿದ. ಬೆಳಕು ಎಂದರೆ ಬ್ಯಾಟರಿಯ ಕಡ್ಡಿಯಂತೆ, ಬೆಂಕಿಯಲ್ಲವಂತೆ! ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆದರೆ ವಿವರಣೆ ಕೇಳುತ್ತ ಕೇಳುತ್ತ ಆ ಹುಡುಗಿಯ ಕಣ್ಣು ಅರಳಿತು. ತಟ್ಟೆ, ಕರ್ಪೂರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಜೋಪಾನವಾಗಿ ಒಳಗಿಟ್ಟಳು. ತನ್ನದೇ ಚೀಲದಿಂದ ಒಂದು ಬೆಳಕಿನ ಕಡ್ಡಿ ತೆಗೆದು ನನ್ನ ಕೈಗೆ ಕೊಟ್ಟಳು. ಕೆಳಗೆ ಬಟನ್. ಒತ್ತಿ ಹಿಡಿದರೆ ಉರಿಯುತ್ತದೆ, ಬಿಟ್ಟರೆ ಆರುತ್ತದೆ.

ಒಳಗೆ ಜನ ಒಂದು ಬಿಟ್ಟು ಒಂದು ಕುರ್ಚಿಯಲ್ಲಿ ಕೂತಿದ್ದರು. ಒಂದು ಶಿಳ್ಳೆ ಇಲ್ಲ, ಚಪ್ಪಾಳೆ ಮಾತ್ರ. ಸಿನಿಮಾ ಸಾಗಿತು. ಕೊನೆಯ ಕಣಿವೆ ಬಂತು. ಪರದೆ ಕತ್ತಲಾಯಿತು. ಹಿನಾ ಉಸಿರಾಡುತ್ತಿದ್ದಳು.

ಮುಂದಿನ ಸಾಲಿನಲ್ಲಿ ಯಾರೋ ಒಬ್ಬರು ಕಡ್ಡಿ ಹೊತ್ತಿಸಿ ಎತ್ತಿ ಹಿಡಿದರು. ಆಮೇಲೆ ಪಕ್ಕದವರು. ಆಮೇಲೆ ನಮ್ಮ ಹಿಂದೆ, ಮೇಲೆ, ಎರಡೂ ಬದಿಯಲ್ಲಿ. ಎಲ್ಲವೂ ಲಾಂದ್ರದ ಹಳದಿ ಬಣ್ಣ. ಯಾರೂ ಆಡಿಸುತ್ತಿಲ್ಲ, ಯಾರೂ ಮಾತಾಡುತ್ತಿಲ್ಲ, ಸುಮ್ಮನೆ ಎತ್ತಿ ಹಿಡಿದಿದ್ದಾರೆ. ನಾನೂ ಹಿಡಿದೆ. ಆಗ ಹಿನಾ ತಿರುಗಿದಳು ಕಣೇ. ನಮ್ಮ ಕಡೆ ತಿರುಗಿ, ನಮ್ಮ ಬೆಳಕು ಚುಚ್ಚಿದ ಹಾಗೆ ಕಣ್ಣು ಕಿರಿದು ಮಾಡಿದಳು. ಮತ್ತೆ ದಾರಿಯ ಕಡೆ ತಿರುಗಿ ಹೆಜ್ಜೆ ಇಟ್ಟಳು.

ದೇವರೇ! ನನ್ನನ್ನು ತೆಗೆದೇ ಇರಲಿಲ್ಲ. ಮೊದಲ ದಿನದಿಂದ ನನ್ನನ್ನು ಅಲ್ಲೇ ಕೂರಿಸಿದ್ದರು, ನನ್ನ ಕುರ್ಚಿಯಲ್ಲೇ. ಲಾಂದ್ರ ಹಿಡಿಯಬೇಕಾದವಳು ಕೈ ಕಟ್ಟಿಕೊಂಡು ಕೂತು, ಬೆಳಕು ಎಲ್ಲಿ, ನನ್ನ ಪಾತ್ರ ಎಲ್ಲಿ ಎಂದು ಕಂಪನಿಯವರನ್ನು ಬೈಯುತ್ತಿದ್ದಳು. ನನ್ನ ಕಣ್ಣಲ್ಲಿ ನೀರು ಸುರಿಯಿತು. ನೋಡಿದರೆ ಸುಮಂತನೂ ಕನ್ನಡಕ ಒರೆಸಿಕೊಳ್ಳುತ್ತಿದ್ದ. ಕೈ ನೋಯುತ್ತಿತ್ತು, ಬೆಳಗಾಗಿ ಅವಳು ಬೆಟ್ಟ ಇಳಿಯುವವರೆಗೆ ಬಟನ್ ಬಿಡಲಿಲ್ಲ. ಕಷ್ಟ ಪಟ್ಟ ಹಾಗಾಗುವುದಿಲ್ಲ ಎಂದೆಯಲ್ಲ, ಬಂದು ನನ್ನ ರಟ್ಟೆಯನ್ನು ಕೇಳು.

ಮನೆಗೆ ಬರುತ್ತ ಯೋಚಿಸಿದೆ. ಜೂನ್‌ನಿಂದ ನೀನು ಕರೆಯಲಿ ಎಂದು ಕಾದೆ. ಹಿನಾ ಯಾವತ್ತಾದರೂ ಲಾಂದ್ರದವಳನ್ನು ಕರೆದಿದ್ದಾಳೆಯೇ? ಅವಳು ನಡೆಯುತ್ತಾಳೆ, ಇವಳು ಹಿಡಿಯುತ್ತಾಳೆ, ಅಷ್ಟೇ. ನಿನ್ನ ಅಮ್ಮ ಬರಲಾಗದ ದಿನ ನೀನು ಒಬ್ಬಳೇ ಅದನ್ನು ನುಂಗಿಕೊಂಡು ಕೂತಿದ್ದೆ, ಪಕ್ಕದಲ್ಲೇ ಇದ್ದ ನನಗೆ ಕಾಣಲಿಲ್ಲ. ಇವತ್ತು ಬೆಳಿಗ್ಗೆ ಟಿಕೆಟ್ ರದ್ದು ಮಾಡಿಸಿದೆ. ವೀಸಾ ಇನ್ನೊಮ್ಮೆ ಮುಂದುವರಿಸಿಕೊಡುತ್ತಾರಂತೆ. ನೀನು ಕರೆದರೂ ಬರುತ್ತೇನೆ, ಕರೆಯದಿದ್ದರೂ ಬರುತ್ತೇನೆ. ಆಸ್ಪತ್ರೆಯೊಳಗೆ ಬಿಡದಿದ್ದರೆ ಬಾಗಿಲಾಚೆ ನಿಲ್ಲುತ್ತೇನೆ. ಲಾಂದ್ರದವಳು ಪರದೆಯ ಮೇಲೆ ಕಾಣಬೇಕೆಂದೇನೂ ಇಲ್ಲ.

ನಿನ್ನ ಅತ್ತೆ,
ಸಾವಿತ್ರಿ


ಉರಯಾಸು
೪ ಅಕ್ಟೋಬರ್ ೨೦೨೦

ಅತ್ತೆ,

ನಿಮ್ಮ ಶಾಲನ್ನು ಪಾರ್ಸೆಲ್ಲಿಗೆ ಹಾಕಲು ಮಡಿಸಿದೆ. ಮತ್ತೆ ಬಿಚ್ಚಿ ಹೊದ್ದುಕೊಂಡು ಕೂತು ಇದನ್ನು ಬರೆಯುತ್ತಿದ್ದೇನೆ.

ಸಿನಿಮಾ ವಿಷಯ ಏನೂ ಇಲ್ಲ ಈ ಸಲ. ನನಗೆ ಹೆದರಿಕೆಯಾಗುತ್ತಿದೆ. ವಿಜಯ್ ಒಳ್ಳೆಯವರೇ, ಆದರೆ ಅವರಿಗೂ ಹೆದರಿಕೆ. ನಿಭಾಯಿಸುತ್ತೇವೆ ಎಂದು ಬರೆದದ್ದು ಸುಳ್ಳು. ಆವತ್ತು ಅಂದ ಮಾತೂ ಸುಳ್ಳು. ನಿಮ್ಮನ್ನು ನಂಬಿಕೊಂಡೇ ಅಷ್ಟು ದೂರ ನಡೆದಿದ್ದೆ.

ಹದಿನೆಂಟಕ್ಕೆ ಹೋಗಬೇಡಿ. ಇಲ್ಲಿಗೆ ಬನ್ನಿ.

ನಿಮ್ಮ ಜಾಹ್ನವಿ


ಒಕಾಜಾಕಿ
೭ ಅಕ್ಟೋಬರ್ ೨೦೨೦

ಮಗಳೇ,

ನಿನ್ನದು ಇವತ್ತು ಕೈಗೆ ಬಂತು. ನನ್ನದೂ ನಿನಗೆ ಸೇರಿರಬೇಕು. ಎರಡೂ ಹಾಮಾಮಾತ್ಸು ಹತ್ತಿರ ಎಲ್ಲೋ ಎದುರುಬದುರಾಗಿ ದಾಟಿಹೋಗಿರಬೇಕು, ಅತ್ತೆ ಸೊಸೆಯ ಹಾಗೆಯೇ.

ಭಾನುವಾರ ಮಧ್ಯಾಹ್ನದ ರೈಲು. ವಿಜಯ ಸ್ಟೇಷನ್ನಿಗೆ ಬರಲಿ, ನೀನು ಮೆಟ್ಟಿಲು ಇಳಿಯಬೇಡ. ಬಂದ ಮೇಲೆ ಎರಡು ವಾರ ನಾನು ಚಿಕ್ಕ ಕೋಣೆಯಲ್ಲಿ ಬೇರೆ ಇರುತ್ತೇನೆ, ನೀನು ಬಾಗಿಲಾಚೆ ಕೂತು ನನ್ನ ತಲೆ ತಿನ್ನು. ಬೆಳಕಿನ ಕಡ್ಡಿಯನ್ನು ಹಿಂದಿರುಗಿಸಲು ಹೋದರೆ ಥಿಯೇಟರಿನ ಆ ಹುಡುಗಿ ತೆಗೆದುಕೊಳ್ಳಲಿಲ್ಲ. ತಟ್ಟೆ ಕೊಟ್ಟಳು, ಕರ್ಪೂರದ ಒಂದು ಬಿಲ್ಲೆ ಇಟ್ಟುಕೊಳ್ಳಬಹುದೇ ಎಂದು ಕೇಳಿದಳು. ಡಬ್ಬಿಯನ್ನೇ ಕೊಟ್ಟು ಬಂದೆ.

ಎರಡು ವಾರ ಕಳೆದ ಮೇಲೆ ಆಟ ಹಾಕು. ಅದೇ ಕಣಿವೆಯಿಂದ ಶುರು ಮಾಡೋಣ. ಕೇಸರಿ ಹಾಲು ಒಲೆಯ ಮೇಲೆ ಇಟ್ಟೇ ಬಂದು ಕೂರುತ್ತೇನೆ. ಹಾಲು ಉಕ್ಕಿದರೆ ಮನೆಗೆ ಒಳ್ಳೆಯದೇ, ಉಕ್ಕಲಿ ಬಿಡು. ನೀನು ಆಚೆ ದಡ ಸೇರುವವರೆಗೆ ನಾನು ಏಳುವುದಿಲ್ಲ.

ಅತ್ತೆ